ಮೂರರಲ್ಲೊಂದು ಎಂಬ ಊಹೆ

ಒಂದು ವರದಿ ತೆರೆದುಕೊಳ್ಳಲು ಆರು ನಿಮಿಷ ಹಿಡಿಯುತ್ತಿತ್ತು. ಮೊದಮೊದಲು ಅರ್ಧ ನಿಮಿಷ, ಆಮೇಲೆ ಎರಡು, ವರ್ಷ ಕಳೆಯುವಷ್ಟರಲ್ಲಿ ಆರು. ವರದಿಯ ಬುಡದಲ್ಲಿದ್ದದ್ದು ಒಂದು ವ್ಯೂ. ಡೇಟಾಬೇಸಿಗೆ ಕೇಳುವ ಉದ್ದನೆಯ ಪ್ರಶ್ನೆಯೊಂದಕ್ಕೆ, ಅಂದರೆ ಕ್ವೆರಿಗೆ, ಹೆಸರಿಟ್ಟು, ಅದನ್ನೇ ಟೇಬಲ್ಲಿನ ಹಾಗೆ ಬಳಸುವ ಏರ್ಪಾಡು ಅದು. ಆ ವ್ಯೂ ಮೇಲೆ ಇನ್ನೊಂದು ವ್ಯೂ ಕಟ್ಟಿದ್ದರು. ನನ್ನ ಕೈಗೆ ಬರುವ ಹೊತ್ತಿಗೆ ಅದನ್ನು ಬರೆದವರು ಯಾರೂ ಅಲ್ಲಿರಲಿಲ್ಲ.

ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ‘ಎಕ್ಸ್‌ಪ್ಲೇನ್ ಅನಲೈಜ್’ ಎಂದು ಕೇಳಿದರೆ ಅದು ತನ್ನ ಮನಸ್ಸನ್ನು ಬಿಚ್ಚಿಡುತ್ತದೆ. ಯಾವ ದಾರಿ ಹಿಡಿದೆ, ಪ್ರತಿ ಹೆಜ್ಜೆಯಲ್ಲಿ ಎಷ್ಟು ಸಾಲು ಸಿಗಬಹುದೆಂದು ಅಂದಾಜು ಮಾಡಿದ್ದೆ, ನಿಜವಾಗಿ ಎಷ್ಟು ಸಿಕ್ಕವು ಎಂದು ಒಂದೊಂದಾಗಿ ಹೇಳುತ್ತದೆ. ಆ ಉತ್ತರದ ಒಂದು ಸಾಲಿನಲ್ಲಿ ನನ್ನ ಕಣ್ಣು ನಿಂತಿತು. ಅಂದಾಜು 3,04,800. ನಿಜ 412. ಟೇಬಲ್ಲಿನಲ್ಲಿ ಇದ್ದ ಒಟ್ಟು ಸಾಲು 9,14,400. ಭಾಗಿಸಿ ನೋಡಿದೆ. ಸರಿಯಾಗಿ ಮೂರರಲ್ಲೊಂದು.

ಇಷ್ಟು ಚೊಕ್ಕವಾದ ಸಂಖ್ಯೆ ಎಣಿಕೆಯಿಂದ ಬಂದಿರಲಾರದು. ಪೋಸ್ಟ್‌ಗ್ರೆಸ್‌ನ ಮೂಲ ಕೋಡ್ ಎಲ್ಲರೂ ಓದಬಹುದಾದದ್ದು. ಹುಡುಕಿದರೆ ಅಲ್ಲೊಂದು ಸ್ಥಿರಾಂಕ ಸಿಕ್ಕಿತು: 0.3333333333333333. ‘ಇದಕ್ಕಿಂತ ಹೆಚ್ಚು’ ಎಂಬ ಷರತ್ತು ಕ್ವೆರಿಯಲ್ಲಿದ್ದು, ಯಾವುದಕ್ಕಿಂತ ಹೆಚ್ಚು ಎಂಬುದು ಮೊದಲೇ ಗೊತ್ತಾಗದಿದ್ದರೆ, ಮೂರರಲ್ಲೊಂದು ಭಾಗ ಸಾಲುಗಳು ಸಿಗುತ್ತವೆ ಎಂದಿಟ್ಟುಕೊಳ್ಳು ಎನ್ನುವುದು ಅದರ ಅರ್ಥ. ಈ ಮೂರರಲ್ಲೊಂದರ ಜಾಡು ಹಿಡಿದು ಹೋದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ, 1970ರ ದಶಕದ ಐಬಿಎಂ ಸಂಶೋಧನಾಲಯಕ್ಕೆ ಬಂದು ನಿಲ್ಲುತ್ತೇವೆ.

ಆ ಸಂಶೋಧನಾಲಯದಲ್ಲಿದ್ದ ಎಡ್ಗರ್ ಕಾಡ್ 1970ರ ಜೂನ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಾಡ್ ಇಂಗ್ಲೆಂಡಿನವರು, ಗಣಿತ ಓದಿದವರು, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ವಿಮಾನ ಹಾರಿಸಿದ್ದವರು. ಮಾಹಿತಿಯನ್ನೆಲ್ಲ ಸರಳವಾದ ಟೇಬಲ್ಲುಗಳಲ್ಲಿಡಿ, ಬೇಕಾದದ್ದು ಏನೆಂದು ಮಾತ್ರ ಹೇಳಿ, ಅದನ್ನು ಹೇಗೆ ತರಬೇಕೆಂಬುದು ಯಂತ್ರದ ಪಾಡು ಎಂದು ಅವರು ವಾದಿಸಿದರು. ಆಗಿನ ಪದ್ಧತಿ ಇದಕ್ಕೆ ತೀರಾ ವಿರುದ್ಧ. ಒಂದು ದಾಖಲೆಯಿಂದ ಮುಂದಿನ ದಾಖಲೆಗೆ ಕೊಂಡಿ ಹಿಡಿದು ಹೋಗುವ ದಾರಿಯನ್ನು ಪ್ರೋಗ್ರಾಮರೇ ಬರೆಯಬೇಕಿತ್ತು. ಆ ಪಂಥದ ಹಿರಿಯ ಚಾರ್ಲ್ಸ್ ಬ್ಯಾಕ್‌ಮನ್ 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಉಪನ್ಯಾಸದಲ್ಲಿ ಪ್ರೋಗ್ರಾಮರನ್ನು ಹಡಗಿನ ದಾರಿ ನಡೆಸುವವನಿಗೆ ಹೋಲಿಸಿದ್ದರು. ದಾರಿ ಬಲ್ಲ ಅನುಭವಿಯ ಕೆಲಸವನ್ನು ಯಂತ್ರ ಮಾಡೀತೇ ಎಂಬ ಸಂದೇಹ ಬಲವಾಗಿತ್ತು. ಅದು ನ್ಯಾಯವಾದ ಸಂದೇಹವೂ ಹೌದು. ಕಾಡ್ ಕೊಟ್ಟದ್ದು ಗಣಿತ. ದಾರಿ ಹುಡುಕುವ ಯಂತ್ರವನ್ನು ಇನ್ನೂ ಯಾರೂ ಕಟ್ಟಿರಲಿಲ್ಲ.

ಕಟ್ಟಲು ಹೊರಟ ಯೋಜನೆಯ ಹೆಸರು ಸಿಸ್ಟಮ್ ಆರ್. ಡಾನ್ ಚೇಂಬರ್ಲಿನ್ ಮತ್ತು ರೇ ಬಾಯ್ಸ್ 1974ರಲ್ಲಿ ಸೀಕ್ವೆಲ್ ಎಂಬ ಭಾಷೆಯನ್ನು ಮುಂದಿಟ್ಟರು. ಇಂದಿನ ಎಸ್‌ಕ್ಯೂಎಲ್ ಅದೇ. ಅದು ಪ್ರಕಟವಾದ ಸ್ವಲ್ಪ ಕಾಲದಲ್ಲೇ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ಬಾಯ್ಸ್ ತೀರಿಕೊಂಡರು. ಭಾಷೆ ಉಳಿಯಿತು.

ಮೊದಲ ಮಾದರಿಯನ್ನು 1974–75ರಲ್ಲಿ ಕಟ್ಟಿದರು. ಅದನ್ನು ‘ಸೊನ್ನೆಯ ಹಂತ’ ಎಂದು ಕರೆದರು, ಕಲಿತು ಬಿಸಾಡಲೆಂದೇ ಕಟ್ಟಿದ್ದು. ದಾರಿ ಆರಿಸುವ ಭಾಗಕ್ಕೆ, ಅಂದರೆ ಆಪ್ಟಿಮೈಜರಿಗೆ, ಅದರಲ್ಲಿ ಕೊಟ್ಟ ಗುರಿ ಆದಷ್ಟು ಕಡಿಮೆ ಸಾಲುಗಳನ್ನು ತರುವುದು. ಕೇಳಲು ಸರಿಯಾಗಿಯೇ ಇದೆ. ಆದರೆ ಅದು ತಪ್ಪು ಗುರಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ನೆನೆಯಿರಿ. ನೂರು ಕಾಗದ ಬೇಕು. ನೂರೂ ಒಂದೇ ಕಟ್ಟಿನಲ್ಲಿದ್ದರೆ ಒಮ್ಮೆ ಏಣಿ ಹತ್ತಿ ಇಳಿದರೆ ಕೆಲಸ ಮುಗಿಯಿತು. ನೂರು ಕಟ್ಟುಗಳಲ್ಲಿ ಚದುರಿದ್ದರೆ ನೂರು ಸಲ ಹತ್ತಬೇಕು. ಕಾಗದದ ಎಣಿಕೆ ಎರಡೂ ಕಡೆ ನೂರೇ, ದಣಿವು ಮಾತ್ರ ಬೇರೆ. ಡಿಸ್ಕಿನಿಂದ ಸಾಲುಗಳು ಒಂದೊಂದಾಗಿ ಬರುವುದಿಲ್ಲ, ಪುಟವಾಗಿ ಬರುತ್ತವೆ. ಎಣಿಸಬೇಕಾದ್ದು ಎಷ್ಟು ಪುಟ ಎಳೆದೆವು ಎಂಬುದನ್ನು. ಎಳೆದ ಮೇಲೆ ಪ್ರೊಸೆಸರ್ ಪಡುವ ಶ್ರಮವೂ ಕಡೆಗಣಿಸುವಂಥದ್ದಲ್ಲ ಎಂಬುದೂ ಸೊನ್ನೆಯ ಹಂತದಲ್ಲೇ ಗೊತ್ತಾಯಿತು. ನನ್ನ ಮಟ್ಟಿಗೆ ಇಡೀ ಕತೆಯ ನಿಜವಾದ ತಿರುವು ಇದೇ. ಮುಂದಿನ ಜಾಣ್ಮೆಯೆಲ್ಲ ನಿಂತದ್ದು ‘ಯಾವುದನ್ನು ಎಣಿಸಬೇಕು’ ಎಂಬ ಪ್ರಶ್ನೆಯನ್ನು ತಿದ್ದಿಕೊಂಡದ್ದರ ಮೇಲೆ.

ಎರಡನೇ ಸುತ್ತಿನಲ್ಲಿ ಆಪ್ಟಿಮೈಜರನ್ನು ಕಟ್ಟಿದ ತಂಡದ ಮುಂದಾಳು ಪೆಟ್ರೀಷಿಯಾ ಸೆಲಿಂಜರ್. ಹಾರ್ವರ್ಡ್‌ನಲ್ಲಿ 1975ರಲ್ಲಿ ಡಾಕ್ಟರೇಟ್ ಮುಗಿಸಿ ಬಂದವರು. ಜೊತೆಗೆ ಮಾರ್ಟನ್ ಅಸ್ಟ್ರಹಾನ್, ಚೇಂಬರ್ಲಿನ್, ರೇಮಂಡ್ ಲೋರಿ, ಥಾಮಸ್ ಪ್ರೈಸ್. ಎರಡು ಟೇಬಲ್ಲುಗಳನ್ನು ಕೂಡಿಸುವ ಹತ್ತು ವಿಧಾನಗಳನ್ನು ಬ್ಲಾಸ್ಗನ್ ಮತ್ತು ಈಶ್ವರನ್ ಎಂಬ ಸಹೋದ್ಯೋಗಿಗಳು ಆಗಲೇ ತೂಗಿ ನೋಡಿದ್ದರು. ಎರಡು ವಿಧಾನ ಕೈಯಲ್ಲಿದ್ದರೆ ಹೆಚ್ಚಿನ ಸಂದರ್ಭಗಳಿಗೆ ಸಾಕು ಎಂಬುದು ಅವರು ಕಂಡುಕೊಂಡದ್ದು. ಒಂದು, ಮೊದಲ ಟೇಬಲ್ಲಿನ ಪ್ರತಿ ಸಾಲಿಗೂ ಎರಡನೆಯದರಲ್ಲಿ ಜೋಡಿ ಹುಡುಕುವುದು. ಇನ್ನೊಂದು, ಎರಡನ್ನೂ ಒಂದೇ ಕ್ರಮದಲ್ಲಿ ಜೋಡಿಸಿಟ್ಟುಕೊಂಡು, ಜಡೆ ಹೆಣೆದಂತೆ ಒಟ್ಟಿಗೆ ಸಾಗುವುದು.

ಖರ್ಚಿನ ಸೂತ್ರ ಒಂದೇ ಸಾಲಿನದು. ಎಳೆಯಬೇಕಾದ ಪುಟಗಳು, ಅದಕ್ಕೆ ಕೂಡಿಸಿ ಪ್ರೊಸೆಸರ್ ಮುಟ್ಟಬೇಕಾದ ಸಾಲುಗಳು. ಎರಡನೆಯದಕ್ಕೆ ಒಂದು ತೂಕ. ಆದರೆ ಈ ಎರಡೂ ಸಂಖ್ಯೆಗಳು ಕ್ವೆರಿ ಓಡುವ ಮೊದಲೇ ಬೇಕು. ಓಡಿಸಿ ನೋಡದೆ ಎಷ್ಟು ಸಾಲು ಸಿಗುತ್ತವೆಂದು ಹೇಳುವುದು ಹೇಗೆ? ಇಲ್ಲಿ ಅವರು ಊಹೆಗೆ ನಿಯಮ ಕಟ್ಟಿದರು. ಒಂದು ಕಾಲಂ ಇಂಥ ಬೆಲೆಗೆ ಸಮ ಎಂಬ ಷರತ್ತಿದ್ದು, ಆ ಕಾಲಂ ಮೇಲೆ ಇಂಡೆಕ್ಸ್, ಅಂದರೆ ಬೆಲೆಗಳನ್ನು ಕ್ರಮವಾಗಿ ಜೋಡಿಸಿಟ್ಟ ಸೂಚಿ, ಇದ್ದರೆ, ಅದರಲ್ಲಿರುವ ಬೇರೆಬೇರೆ ಬೆಲೆಗಳ ಎಣಿಕೆಯಿಂದ ಭಾಗಿಸು. ಇಂಡೆಕ್ಸ್ ಇಲ್ಲವೇ? ಹತ್ತರಲ್ಲೊಂದು ಎನ್ನು. ಎರಡು ಬೆಲೆಗಳ ನಡುವೆ ಎಂಬ ಷರತ್ತೇ, ಲೆಕ್ಕ ಹಾಕಲು ಆಧಾರವಿಲ್ಲವೇ? ನಾಲ್ಕರಲ್ಲೊಂದು. ಇದಕ್ಕಿಂತ ಹೆಚ್ಚು ಎಂಬ ಷರತ್ತಿಗೆ ಆಧಾರವಿಲ್ಲದಿದ್ದರೆ ಮೂರರಲ್ಲೊಂದು.

ಸಿಕ್ಕಿತು, ನನ್ನ ಮೂರರಲ್ಲೊಂದು. ಸೆಲಿಂಜರ್ ತಂಡದ 1979ರ ಪ್ರಬಂಧದಲ್ಲಿ ಅದಕ್ಕೊಂದು ಸಮಜಾಯಿಷಿಯೂ ಇದೆ. ಈ ಸಂಖ್ಯೆಗೆ ವಿಶೇಷ ಅರ್ಥವೇನೂ ಇಲ್ಲ, ಸಮ ಎಂಬ ಷರತ್ತಿಗಿಂತ ಇದು ಸಡಿಲ, ಅರ್ಧಕ್ಕಿಂತ ಕಡಿಮೆ, ಅರ್ಧಕ್ಕಿಂತ ಹೆಚ್ಚು ಸಾಲು ಬೇಡುವ ಕ್ವೆರಿಗಳು ವಿರಳವೆಂದು ನಮ್ಮ ಎಣಿಕೆ ಎಂಬ ಅರ್ಥದ ಮಾತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದ ಈ ಪ್ರಾಮಾಣಿಕತೆಯನ್ನು ಓದಿದಾಗ ನನಗೆ ಅವರ ಮೇಲೆ ಗೌರವ ಇಮ್ಮಡಿಯಾಯಿತು.

ಪ್ರಬಂಧದ ಉದಾಹರಣೆ ಸರಳವಾದದ್ದು. ಡೆನ್ವರ್ ಊರಿನ ವಿಭಾಗಗಳಲ್ಲಿ ಕೆಲಸ ಮಾಡುವ ಗುಮಾಸ್ತರ ಹೆಸರು, ಸಂಬಳ, ಹುದ್ದೆ, ವಿಭಾಗದ ಹೆಸರು ಬೇಕು. ನೌಕರರದು ಒಂದು ಟೇಬಲ್, ವಿಭಾಗಗಳದು ಒಂದು, ಹುದ್ದೆಗಳದು ಒಂದು. ಸಂಖ್ಯೆಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ: 10,000 ನೌಕರರು, 50 ವಿಭಾಗ, 20 ಹುದ್ದೆ. ನೌಕರರಿಂದ ಶುರು ಮಾಡಿದರೆ ಹತ್ತು ಸಾವಿರ ಜನರನ್ನೂ ಮುಟ್ಟಿ, ಪ್ರತಿಯೊಬ್ಬರ ವಿಭಾಗ ಎಲ್ಲಿದೆಯೆಂದು ನೋಡಬೇಕು. ವಿಭಾಗಗಳಿಂದ ಶುರು ಮಾಡಿದರೆ ಡೆನ್ವರಿನವು ಹತ್ತರಲ್ಲೊಂದು, ಅಂದರೆ 5. ವಿಭಾಗಕ್ಕೆ 200 ಜನರಂತೆ 1,000 ನೌಕರರು. ಅವರ ಹುದ್ದೆ ನೋಡಿದರೆ ಮುಗಿಯಿತು. ಹುದ್ದೆಯಿಂದ ಶುರು ಮಾಡಿದರೆ ಗುಮಾಸ್ತ ಎಂಬುದು ಇಪ್ಪತ್ತರಲ್ಲೊಂದು, 500 ನೌಕರರು, ಅವರ ವಿಭಾಗ ನೋಡಿದರೆ ಸಾಕು. ಆಪ್ಟಿಮೈಜರ್ ಮೂರನೆಯದನ್ನು ಆರಿಸುತ್ತದೆ. ಆದರೆ ಆ ಸಂಸ್ಥೆಯಲ್ಲಿ ಅರ್ಧದಷ್ಟು ಜನ ಗುಮಾಸ್ತರೇ ಆಗಿದ್ದರೆ? 500 ಎಂದುಕೊಂಡದ್ದು 5,000 ಆಗುತ್ತದೆ. ಎರಡನೇ ದಾರಿಯೇ ವಾಸಿ ಇತ್ತು. ಉತ್ತರ ಎರಡೂ ದಾರಿಯಲ್ಲಿ ಒಂದೇ, ಕಾಯುವ ಹೊತ್ತು ಮಾತ್ರ ಬೇರೆ.

ಟೇಬಲ್ಲುಗಳು ಹೆಚ್ಚಿದಂತೆ ದಾರಿಗಳು ಕೈಮೀರಿ ಬೆಳೆಯುತ್ತವೆ. ಹತ್ತು ಟೇಬಲ್ಲುಗಳನ್ನು ಒಂದರ ಹಿಂದೊಂದು ಜೋಡಿಸುವ ಕ್ರಮಗಳು 36,28,800. ಎಲ್ಲವನ್ನೂ ತೂಗಿ ನೋಡುವ ಹೊತ್ತಿಗೆ ಕ್ವೆರಿಯನ್ನೇ ಓಡಿಸಿ ಮುಗಿಸಬಹುದು. ಸೆಲಿಂಜರ್ ತಂಡ ಗಮನಿಸಿದ್ದು ಇಷ್ಟು: ಅ, ಆ, ಇ ಎಂಬ ಮೂರು ಟೇಬಲ್ಲುಗಳನ್ನು ಯಾವ ಕ್ರಮದಲ್ಲಿ ಕೂಡಿಸಿದರೂ ಬರುವ ಸಾಲುಗಳು ಅವೇ. ನಾಲ್ಕನೆಯದನ್ನು ಸೇರಿಸುವಾಗ ಮೊದಲ ಮೂರು ಹೇಗೆ ಕೂಡಿದವು ಎಂಬುದರ ಗೊಡವೆ ಬೇಡ. ಹಾಗಾಗಿ ಟೇಬಲ್ಲುಗಳ ಪ್ರತಿ ಗುಂಪಿಗೂ ಅತಿ ಅಗ್ಗದ ದಾರಿಯೊಂದನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡಬಹುದು. ಹತ್ತು ಟೇಬಲ್ಲಿಗೆ ಅಂಥ ಗುಂಪುಗಳು 1,024ಕ್ಕೆ ಮೀರುವುದಿಲ್ಲ. ಎಂಟು ಟೇಬಲ್ಲುಗಳ ಕ್ವೆರಿಗೂ ಕೆಲವೇ ಸೆಕೆಂಡುಗಳಲ್ಲಿ ದಾರಿ ಸಿಕ್ಕಿತೆಂದು ಅವರು ದಾಖಲಿಸಿದ್ದಾರೆ.

ಅಗ್ಗದ್ದೊಂದನ್ನೇ ಉಳಿಸಿಕೊಳ್ಳುವುದರಲ್ಲಿ ಒಂದು ಅಪಾಯವಿದೆ, ಅದನ್ನು ಅವರು ಕಂಡರು. ಒಂದು ದಾರಿ ತುಸು ದುಬಾರಿ, ಆದರೆ ಅದರಿಂದ ಬರುವ ಸಾಲುಗಳು ವಿಭಾಗದ ಸಂಖ್ಯೆಯ ಕ್ರಮದಲ್ಲೇ ಬರುತ್ತವೆ ಎನ್ನೋಣ. ಮುಂದಿನ ಹೆಜ್ಜೆಯ ಹೆಣಿಗೆಗೆ ಅದೇ ಕ್ರಮ ಬೇಕಾಗಿದ್ದರೆ, ಮತ್ತೆ ಜೋಡಿಸಿಡುವ ಖರ್ಚು ಉಳಿಯಿತು. ಈಗಿನ ದುಬಾರಿ ಆಮೇಲಿನ ಅಗ್ಗ. ಆದ್ದರಿಂದ ಪ್ರತಿ ಗುಂಪಿಗೂ ಅತಿ ಅಗ್ಗದ ದಾರಿಯ ಜೊತೆಗೆ, ಮುಂದೆ ಉಪಯೋಗಕ್ಕೆ ಬರಬಹುದಾದ ಪ್ರತಿಯೊಂದು ಕ್ರಮಕ್ಕೂ ಒಂದೊಂದು ಅಗ್ಗದ ದಾರಿಯನ್ನು ಕಾದಿಟ್ಟುಕೊಳ್ಳಬೇಕು. ಇಡೀ ಪ್ರಬಂಧದಲ್ಲಿ ನನಗೆ ಅತಿ ಸುಂದರವೆನಿಸುವ ವಿಚಾರ ಇದು. ಆಡಿದ ಮೇಲೆ ಸರಳ, ಆಡುವವರೆಗೆ ಯಾರಿಗೂ ಹೊಳೆಯದ್ದು.

ಸೆಲಿಂಜರ್ ಮತ್ತು ಅಸ್ಟ್ರಹಾನ್ ಎದುರಿಸಿದ ಇನ್ನೊಂದು ಪ್ರಸಂಗವಂತೂ ಹೆಸರಾಗಿಯೇ ಉಳಿದಿದೆ. 25,000 ಡಾಲರಿಗಿಂತ ಕಡಿಮೆ ಸಂಬಳ ಇರುವವರಿಗೆಲ್ಲ ನೂರಕ್ಕೆ ಹತ್ತರಷ್ಟು ಏರಿಸು ಎಂಬ ಆಜ್ಞೆ. ಆಪ್ಟಿಮೈಜರ್ ಸಂಬಳದ ಇಂಡೆಕ್ಸ್ ಹಿಡಿದು ಕೆಳಗಿನಿಂದ ಮೇಲಕ್ಕೆ ಹೊರಟಿತು. ಒಬ್ಬರ ಸಂಬಳ ಏರಿಸಿದ ಕೂಡಲೇ ಅವರ ಸಾಲು ಇಂಡೆಕ್ಸಿನಲ್ಲಿ ಮುಂದಕ್ಕೆ ಸರಿದು ಕೂತಿತು. ಮುಂದೆ ಹೋದಾಗ ಅದೇ ವ್ಯಕ್ತಿ ಮತ್ತೆ ಸಿಕ್ಕರು, ಮತ್ತೆ ಏರಿಕೆ. ಎಲ್ಲರೂ 25,000 ಮುಟ್ಟುವವರೆಗೆ ಇದು ನಡೆಯಿತು. ದಾರಿಯ ಆಯ್ಕೆ ಹೊತ್ತನ್ನು ಮಾತ್ರ ಬದಲಿಸಬೇಕು, ಉತ್ತರವನ್ನಲ್ಲ. ಇಲ್ಲಿ ಉತ್ತರವೇ ಕೆಟ್ಟಿತ್ತು. ಇದು ಬೆಳಕಿಗೆ ಬಂದದ್ದು ಹ್ಯಾಲೋವೀನ್ ಹಬ್ಬದ ದಿನವಾದ್ದರಿಂದ ಇಂದಿಗೂ ಪಠ್ಯಪುಸ್ತಕಗಳಲ್ಲಿ ‘ಹ್ಯಾಲೋವೀನ್ ಸಮಸ್ಯೆ’ ಎಂದೇ ಇದೆ.

ವ್ಯೂಗಳ ಕತೆಯೂ ಇದೇ ಕಾಲದ್ದು. 1975ರಲ್ಲಿ ಸ್ಯಾನ್ ಹೋಸೆಯಲ್ಲಿ ಚೇಂಬರ್ಲಿನ್, ಜಿಮ್ ಗ್ರೇ, ಇರ್ವಿಂಗ್ ಟ್ರೈಗರ್ ವ್ಯೂಗಳ ಬಗ್ಗೆ ಬರೆದರು. ಅದೇ ವರ್ಷ ಬರ್ಕ್ಲಿಯಲ್ಲಿ ಇಂಗ್ರೆಸ್ ಎಂಬ ಡೇಟಾಬೇಸ್ ಕಟ್ಟುತ್ತಿದ್ದ ಮೈಕೆಲ್ ಸ್ಟೋನ್‌ಬ್ರೇಕರ್ ಕೂಡ ಬರೆದರು. ವ್ಯೂ ಎಂದರೆ ಸಾಲುಗಳನ್ನು ತುಂಬಿಟ್ಟ ಪೆಟ್ಟಿಗೆಯಲ್ಲ. ಅದರ ವ್ಯಾಖ್ಯೆ ಮಾತ್ರ ಇರುತ್ತದೆ. ಯಾರಾದರೂ ಅದನ್ನು ಕೇಳಿದಾಗ ಕೇಳಿದವರ ಕ್ವೆರಿಯೊಳಕ್ಕೆ ಆ ವ್ಯಾಖ್ಯೆಯನ್ನು ಬೆಸೆದು, ಒಂದೇ ಕ್ವೆರಿಯಾಗಿ ಮಾಡಿ, ಆಮೇಲೆ ದಾರಿ ಹುಡುಕಿದರೆ ಆಯಿತು. ವ್ಯೂ ಮೇಲೆ ವ್ಯೂ ಇದ್ದರೂ ಬೆಸುಗೆ ಆಗುವವರೆಗೆ ತೊಂದರೆಯಿಲ್ಲ. ಒಳಗೆ ಗುಂಪು ಮಾಡಿ ಮೊತ್ತ ತೆಗೆಯುವ ಕೆಲಸ ಬಂದಾಗ ಬೆಸುಗೆ ಕಷ್ಟ. ಆಗ ಎಷ್ಟೋ ಸಲ ಹೊರಗಿನ ಷರತ್ತು ಒಳಗೆ ಇಳಿಯದೆ, ಬೇಡದ ಸಾಲುಗಳನ್ನೂ ಲೆಕ್ಕ ಹಾಕಿ ಬಿಸಾಡಬೇಕಾಗುತ್ತದೆ. ವ್ಯೂಗಳ ಉತ್ತರವನ್ನೇ ಬರೆದಿಟ್ಟು, ಮೂಲ ಟೇಬಲ್ ಬದಲಾದಾಗ ಬದಲಾದಷ್ಟನ್ನು ಮಾತ್ರ ತಿದ್ದುವ ದಾರಿಯನ್ನು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಬ್ಲೇಕ್ಲಿ, ಲಾರ್ಸನ್, ಟೊಂಪಾ 1986ರಲ್ಲಿ ತೋರಿಸಿದರು.

ಸೆಲಿಂಜರ್ ತಂಡದ ಪ್ರಬಂಧ 1979ರಲ್ಲಿ ಬಾಸ್ಟನ್‌ನ ಸಿಗ್‌ಮಾಡ್ ಸಮ್ಮೇಳನದಲ್ಲಿ ಬಂತು. ನಲವತ್ತೈದು ವರ್ಷಗಳ ಮೇಲಾಗಿದೆ, ಇವತ್ತಿನ ದೊಡ್ಡ ಡೇಟಾಬೇಸುಗಳ ಪ್ಲ್ಯಾನರುಗಳಲ್ಲಿ, ಅಂದರೆ ದಾರಿ ಆರಿಸುವ ಭಾಗಗಳಲ್ಲಿ, ಹೆಚ್ಚಿನವು ಆ ಮನೆಯ ಮಕ್ಕಳೇ. ಮನೆಯ ಆಸ್ತಿಯ ಜೊತೆ ಒಂದು ಸಾಲವೂ ಬಂದಿದೆ. ಎರಡು ಷರತ್ತುಗಳು ಒಟ್ಟಿಗೆ ಬಂದರೆ ಎರಡರ ಭಾಗಗಳನ್ನು ಗುಣಿಸು ಎನ್ನುತ್ತದೆ ಆ ಪ್ರಬಂಧ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. 31 ಲಕ್ಷ ಸಾಲುಗಳ ಟೇಬಲ್ಲಿನಲ್ಲಿ ಜಿಲ್ಲೆ ಕೊಡಗು, ತಾಲ್ಲೂಕು ಸೋಮವಾರಪೇಟೆ ಎಂದು ಕೇಳಿ ನೋಡಿ. 31 ಜಿಲ್ಲೆ, ತಾಲ್ಲೂಕು ಲೆಕ್ಕಕ್ಕೆ 200 ಎಂದಿಟ್ಟುಕೊಳ್ಳಿ. ಪ್ಲ್ಯಾನರ್ ಎರಡನ್ನೂ ಗುಣಿಸಿ 500 ಸಾಲು ಎನ್ನುತ್ತದೆ. ಸೋಮವಾರಪೇಟೆ ಇರುವುದೇ ಕೊಡಗಿನಲ್ಲಿ, ಆದ್ದರಿಂದ ಜಿಲ್ಲೆಯ ಷರತ್ತು ಏನನ್ನೂ ಕಡಿಮೆ ಮಾಡುವುದಿಲ್ಲ. ಸರಿಯಾದ ಅಂದಾಜು 15,500. ಇದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಇಂಥ ತಪ್ಪು ಪ್ರತಿ ಕೂಡಿಕೆಯಲ್ಲೂ ಗುಣಾಕಾರವಾಗಿ ಬೆಳೆಯುತ್ತದೆಂದು ಇಯೊವಾನಿಡಿಸ್ ಮತ್ತು ಕ್ರಿಸ್ಟೊಡೂಲಾಕಿಸ್ 1991ರಲ್ಲಿ ಗಣಿತದಿಂದಲೇ ತೋರಿಸಿದರು. 2015ರಲ್ಲಿ ಮ್ಯೂನಿಕ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಸಿನಿಮಾ ಮಾಹಿತಿಯ ನಿಜವಾದ ಡೇಟಾಬೇಸಿನ ಮೇಲೆ 113 ಕ್ವೆರಿಗಳನ್ನು ಓಡಿಸಿ ನೋಡಿದರು. ಕೆಟ್ಟ ದಾರಿಗಳಿಗೆ ಮುಖ್ಯ ಕಾರಣ ಖರ್ಚಿನ ಸೂತ್ರವಲ್ಲ, ಸಾಲುಗಳ ಅಂದಾಜು ಎಂಬುದು ಖಚಿತವಾಯಿತು.

ಈ ಸಾಲ ತೀರಿಸುವ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ್ ಹರಿತ್ಸ ಮತ್ತು ಅವರ ವಿದ್ಯಾರ್ಥಿಗಳು 2005ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಒಂದೇ ಕ್ವೆರಿಯ ಎರಡು ಷರತ್ತುಗಳನ್ನು ಸ್ವಲ್ಪಸ್ವಲ್ಪವೇ ಸಡಿಲಿಸುತ್ತ, ಪ್ರತಿ ಸಲ ಪ್ಲ್ಯಾನರ್ ಯಾವ ದಾರಿ ಹಿಡಿಯುತ್ತದೆಂದು ಕೇಳಿ, ದಾರಿಗೊಂದು ಬಣ್ಣ ಕೊಟ್ಟು ಚಿತ್ರ ಬರೆದರು. ಎರಡು ಮೂರು ಬಣ್ಣದ ಪಟ್ಟೆ ಬರಬಹುದೆಂದು ಯಾರಾದರೂ ಎಣಿಸುತ್ತಾರೆ. ಬಂದದ್ದು ಹತ್ತಾರು ಬಣ್ಣಗಳ ಚೂರುಗಳು, ಚಿಂದಿಗಳು, ಅಂಕುಡೊಂಕಿನ ಗಡಿಗಳು. ಆ ತಂತ್ರಾಂಶಕ್ಕೆ ಅವರಿಟ್ಟ ಹೆಸರು ಪಿಕಾಸೊ. ಅಷ್ಟೊಂದು ದಾರಿಗಳು ಬೇಕೇ ಇಲ್ಲ, ಖರ್ಚು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಾದರೂ ಪರವಾಗಿಲ್ಲವೆಂದರೆ ಸುಮಾರು ಹತ್ತು ದಾರಿ ಸಾಕು ಎಂದು ಎರಡು ವರ್ಷಗಳ ನಂತರ ತೋರಿಸಿದರು.

2014ರಲ್ಲಿ ಅಂಶುಮಾನ್ ದತ್ ಮತ್ತು ಹರಿತ್ಸ ಊಹೆಯನ್ನೇ ಕೈಬಿಟ್ಟು ನೋಡಿದರು. ಹೊಳೆ ದಾಟುವವರು ಕೋಲು ಊರಿ ಆಳ ನೋಡುವ ಹಾಗೆ, ಮೊದಲು ಸಣ್ಣ ಖರ್ಚಿನ ಮಿತಿ ಹಾಕಿ ಒಂದು ದಾರಿ ಓಡಿಸು. ಮಿತಿಯೊಳಗೆ ಮುಗಿಯಲಿಲ್ಲವೇ, ನಿಲ್ಲಿಸು. ಮಿತಿಯನ್ನು ಇಮ್ಮಡಿ ಮಾಡಿ ಮುಂದಿನ ದಾರಿ ಹಿಡಿ. ಗೊತ್ತಿಲ್ಲದ ಸಂಖ್ಯೆ ಒಂದೇ ಆಗಿದ್ದರೆ, ಎಲ್ಲ ಗೊತ್ತಿದ್ದವರು ಮಾಡುವ ಖರ್ಚಿನ ನಾಲ್ಕು ಪಟ್ಟಿಗಿಂತ ಹೆಚ್ಚು ಎಂದೂ ಆಗದು. ಅಷ್ಟು ಗಟ್ಟಿಯಾದ ಭರವಸೆಯನ್ನು ಹಳೆಯ ಪದ್ಧತಿ ಎಂದೂ ಕೊಟ್ಟಿರಲಿಲ್ಲ.

ನನ್ನ ವರದಿಯ ರೋಗಕ್ಕೆ ಅಷ್ಟು ದೊಡ್ಡ ಮದ್ದು ಬೇಕಾಗಲಿಲ್ಲ. ಒಳಗಿನ ವ್ಯೂನಲ್ಲಿ, ಕಳೆದ ಸಲ ಲೆಕ್ಕ ಮುಗಿಸಿದ ದಿನಾಂಕಕ್ಕಿಂತ ಈಚಿನವು ಎಂಬ ಷರತ್ತಿತ್ತು. ಆ ದಿನಾಂಕ ಇದ್ದದ್ದು ಇನ್ನೊಂದು ಟೇಬಲ್ಲಿನಲ್ಲಿ. ಕ್ವೆರಿ ಓಡುವಾಗಲೇ ಅದನ್ನು ತರಬೇಕು, ದಾರಿ ಆರಿಸುವ ಹೊತ್ತಿಗೆ ಪ್ಲ್ಯಾನರಿಗೆ ಅದು ಕಾಣದು. ಹಾಗಾಗಿ ಮೂರರಲ್ಲೊಂದು. ಮೂರು ಲಕ್ಷ ಸಾಲು ಬರುತ್ತದೆಂದು ನಂಬಿ ಅದು ಉಳಿದ ಟೇಬಲ್ಲುಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು. ಷರತ್ತನ್ನು ವ್ಯೂನಿಂದ ತೆಗೆದು, ದಿನಾಂಕವನ್ನು ವರದಿಯ ಕಡೆಯಿಂದ ಮೊದಲೇ ಓದಿ, ನೇರ ಬೆಲೆಯಾಗಿ ಕ್ವೆರಿಯಲ್ಲಿ ಬರೆಯುವಂತೆ ಮಾಡಿದೆ. ಬೆಸುಗೆಯಾದಾಗ ಅದು ಒಳಗಿನ ವ್ಯೂವರೆಗೂ ಇಳಿಯಿತು. ಮತ್ತೆ ‘ಎಕ್ಸ್‌ಪ್ಲೇನ್ ಅನಲೈಜ್’ ಕೇಳಿದೆ. ಅಂದಾಜು 437, ನಿಜ 412. ಇಂಡೆಕ್ಸ್ ಹಿಡಿದು ಅಷ್ಟೇ ಸಾಲುಗಳಿಗೆ ಜೋಡಿ ಹುಡುಕಿ ಬಂದಿತ್ತು, ಒಂದು ಸೆಕೆಂಡೂ ಹಿಡಿದಿರಲಿಲ್ಲ.